ಹೋಗಿ ಬರ್ತೀನಿ ಅನ್ನದೆ ಹೋದವಳು

ಪುಟ್ಟಾ,

ಮೊನ್ನೆ ಊಟಕ್ಕೆ ಕೂತು, ಕಣ್ಣು ಮೊಬೈಲಿನಲ್ಲೇ ಇಟ್ಟು, ನೀನೊಂದು ಮಾತಂದೆ. "ನನಗೂ ಒಂದು ಲಾರಿ ಗುದ್ದಿದ್ರೆ ಚೆನ್ನಾಗಿತ್ತು ದೊಡ್ಡಮ್ಮ, ಬೇರೆ ಲೋಕದಲ್ಲಿ ಮೊದಲಿಂದ ಶುರು ಮಾಡಬಹುದಿತ್ತು." ನಿನ್ನ ತಂಗಿ ನಕ್ಕಳು. ಸಾರು ಬಡಿಸುತ್ತಿದ್ದ ನಿಮ್ಮಮ್ಮ ಸೌಟು ಹಿಡಿದು ಹಾಗೇ ನಿಂತಳು. ಅದು ನಿನಗೆ ಕಾಣಲಿಲ್ಲ.

ಅದು ಅನಿಮೆ, ಅಂದರೆ ಜಪಾನಿನ ಕಾರ್ಟೂನು ಸರಣಿ, ನೋಡುವವರ ನಡುವಿನ ಹಳೇ ಜೋಕು ಅಂತ ಆಮೇಲೆ ನನಗೆ ವಿವರಿಸಿದೆ. ಇಸೆಕಾಯ್ ಅಂದರೆ ಬೇರೆ ಲೋಕ. ಅಲ್ಲಿಗೆ ಹೋಗಿ ಹುಟ್ಟಬೇಕಾದರೆ ನಾಯಕ ಇಲ್ಲಿ ಸಾಯಬೇಕು. ಸಾಯಿಸುವುದಕ್ಕೆ ಲಾರಿ ಎಷ್ಟು ಸಲ ಬಂದಿದೆಯೆಂದರೆ ಅದಕ್ಕೆ 'ಟ್ರಕ್-ಕುನ್' ಅಂತ ಮುದ್ದಿನ ಹೆಸರೇ ಬಿದ್ದಿದೆ. ಸರಿ, ಜೋಕು ಅಂತಲೇ ನಂಬಿದೆ. ಆದರೂ ಒಂದು ಹೇಳಿ ಮುಂದೆ ಹೋಗುತ್ತೇನೆ. ಆ ಮಾತಿನಲ್ಲಿ ಸಾಸಿವೆ ಕಾಳಿನಷ್ಟು ನಿಜವಿದ್ದರೂ, ರಾತ್ರಿ ಎರಡು ಗಂಟೆಯಾಗಿರಲಿ, ನನ್ನ ಕೋಣೆ ಬಾಗಿಲು ತಟ್ಟು. ನನ್ನ ಹತ್ತಿರ ಹೇಳಲು ಆಗದಿದ್ದರೆ 14416ಕ್ಕೆ ಫೋನು ಮಾಡು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಸೀಟು ಸಿಗದೆ ಮನೆಯಲ್ಲಿ ಕೂತ ವರ್ಷ ಎಷ್ಟು ಉದ್ದ ಇರುತ್ತದೆ ಅಂತ ನನಗೂ ಸ್ವಲ್ಪ ಗೊತ್ತು.

ಈಗ ಕತೆಗೆ ಬರೋಣ. ಕೈ ಮುರಿದುಕೊಂಡು ನಿಮ್ಮ ಮನೆಯಲ್ಲಿ ಬಿದ್ದಿರುವ ಈ ಒಂದೂವರೆ ತಿಂಗಳಲ್ಲಿ ನಿನ್ನ ಪಕ್ಕ ಕೂತು ನಾನೂ ಬೇಕಾದಷ್ಟು ನೋಡಿದೆ. 37 ವರ್ಷದ ಕಂಪನಿ ನೌಕರ ಚೂರಿಯಿರಿತಕ್ಕೆ ಸತ್ತು ಲೋಳೆಮುದ್ದೆಯಾಗಿ ಹುಟ್ಟಿದ. ಇನ್ನೊಬ್ಬ 34 ವರ್ಷದವನು, ಹೈಸ್ಕೂಲಿನಲ್ಲಿ ಅವಮಾನ ಆದಮೇಲೆ ಕೋಣೆ ಬಿಟ್ಟು ಹೊರಗೆ ಬಾರದವನು, ಹೆತ್ತವರ ಅಂತ್ಯಕ್ರಿಯೆಗೂ ಹೋಗದವನು, ಲಾರಿಗೆ ಸಿಕ್ಕಿ ಕೂಸಾಗಿ ಹುಟ್ಟಿದ. ಆ ಎರಡನೆಯದರ ಚಿತ್ರಗಳು ಬಹಳ ಚೆಂದ. ಹೆಣ್ಣುಮಕ್ಕಳ ಮೇಲೆ ಓಡಾಡುವ ಅವನ ಕಣ್ಣು ಮಾತ್ರ ಸಹಿಸಲಾಗದೆ ನಾನು ಎದ್ದುಹೋದೆ. ಯಾಕೆ ಎದ್ದೆ ಅಂತ ನೀನು ಕೇಳಲಿಲ್ಲ. ಕೇಳಬೇಕಿತ್ತು.

ನಿನಗೆ ಕಾಣದ್ದು ನನಗೆ ಕಂಡದ್ದು ಅವರ ವಯಸ್ಸು. ನೀನು ಹದಿಹರೆಯದಲ್ಲಿ ನೋಡುತ್ತಿರುವ ಈ ಕನಸನ್ನು ಕಂಡವರು ನಡುವಯಸ್ಸಿನ ಹತ್ತಿರ ಬಂದು ದಣಿದ ಗಂಡಸರು. ಜಪಾನಿನಲ್ಲಿ ಮನೆಯೊಳಗೇ ಬಾಗಿಲು ಹಾಕಿಕೊಂಡು ಉಳಿದವರನ್ನು ಹಿಕಿಕೊಮೊರಿ ಅನ್ನುತ್ತಾರೆ. 15ರಿಂದ 64 ವಯಸ್ಸಿನವರಲ್ಲಿ ಅಂಥವರು ಸುಮಾರು 14.6 ಲಕ್ಷ ಇದ್ದಾರೆಂದು ಅಲ್ಲಿನ ಸಂಪುಟ ಕಚೇರಿ 2023ರಲ್ಲಿ ಅಂದಾಜು ಕೊಟ್ಟಿತು. ಅಷ್ಟು ಜನರ ನಿಟ್ಟುಸಿರಿರುವ ನಾಡಿನಲ್ಲಿ ಇನ್ನೊಂದು ಲೋಕದ ಕತೆಗೆ ಗಿರಾಕಿ ಸಿಗುವುದು ಆಶ್ಚರ್ಯವೇನಲ್ಲ.

ಮರುಹುಟ್ಟಿನ ಕತೆ ನಮಗೆ ಹೊಸದೂ ಅಲ್ಲ. 1209ರಲ್ಲೇ ಜನ್ನ 'ಯಶೋಧರ ಚರಿತೆ' ಬರೆದ. ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಪಾಪಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಎನ್ನುತ್ತಾ ಜನ್ಮ ಜನ್ಮಾಂತರ ಅಲೆಯುತ್ತಾರೆ. ನಮ್ಮಲ್ಲಿ ಕರ್ಮ ಬೆನ್ನು ಬಿಡುವುದಿಲ್ಲ. ಈ ಜಪಾನೀ ಕತೆಗಳಲ್ಲಿ ಕರ್ಮದ ಸುದ್ದಿಯೇ ಇಲ್ಲ, ನೆನಪು ಒಂದಕ್ಷರ ಮಾಸದೆ ಜೊತೆಗೆ ಬರುತ್ತದೆ. ಇನ್ನೊಂದು ವ್ಯತ್ಯಾಸ ನೋಡು. ಜನ್ನನ ಕತೆಯಲ್ಲಿ ಅಮ್ಮ ಮಗನ ಜೊತೆಗೇ ಹೋದಳು. ಇವರ ಅಮ್ಮಂದಿರು ಎಲ್ಲಿ? ಮೊದಲ ಐದು ನಿಮಿಷದಲ್ಲಿ ಲಾರಿ ಗುದ್ದುತ್ತದೆ, ಪರದೆ ಬೆಳ್ಳಗಾಗುತ್ತದೆ, ಆಮೇಲೆ ಕತ್ತಿ, ಮಂತ್ರ, ಮೊಲದ ಕಿವಿಯ ಹುಡುಗಿಯರು. ಆ ರಾತ್ರಿ ಆಸ್ಪತ್ರೆಯಿಂದ ಫೋನು ಬಂದದ್ದು ಯಾರ ಮನೆಗೆ ಅಂತ ಎಷ್ಟು ಕತೆಗಳು ಕೇಳುತ್ತವೆ?

ಕೇಳಿದ ಒಂದು ಕತೆ ನೀನೇ ನನಗೆ ಹಾಕಿಕೊಟ್ಟೆ. "ಲೈಬ್ರರಿ ಕತೆ ದೊಡ್ಡಮ್ಮ, ನಿಮಗೆ ಇಷ್ಟ ಆಗತ್ತೆ, ನನಗೆ ಬೋರು" ಅಂದೆ. 'ಹೊನ್‌ಝುಕಿ ನೊ ಗೆಕೊಕುಜೋ'. ಹೊನ್‌ಝುಕಿ ಅಂದರೆ ಪುಸ್ತಕದ ಹುಚ್ಚಿರುವವರು. ಗೆಕೊಕುಜೋ ಅನ್ನುವುದು ಅವರ ಹಳೆಯ ಅಂತರ್ಯುದ್ಧದ ಕಾಲದ ಮಾತು, ಕೆಳಗಿನವರು ಮೇಲಿನವರನ್ನು ಉರುಳಿಸಿ ತಾವು ಕೂರುವುದು. ದಂಡನಾಯಕರಿಗೆ ಸಲ್ಲಬೇಕಾದ ಶಬ್ದವನ್ನು ಓದಬೇಕೆಂದು ಹಟ ಹಿಡಿದ ಐದು ವರ್ಷದ ಮಗುವಿಗೆ ಇಟ್ಟಿದ್ದಾರಲ್ಲ, ಅಲ್ಲೇ ನಾನು ಸೋತೆ. ಬರೆದವರು ಮಿಯಾ ಕಾಜುಕಿ. 2013ರಲ್ಲಿ 'ಕಾದಂಬರಿಕಾರರಾಗೋಣ' ಎಂಬರ್ಥದ ಹೆಸರಿನ ಜಪಾನೀ ಜಾಲತಾಣದಲ್ಲಿ ಕಂತು ಕಂತಾಗಿ ಬರೆಯಲು ಶುರು ಮಾಡಿದರು. ಯಾರು ಬೇಕಾದರೂ ಬರೆದು ಹಾಕಬಹುದಾದ ಜಾಗ ಅದು. 2015ರಿಂದ ಅಚ್ಚಾಗಿ, 2023ಕ್ಕೆ 33 ಸಂಪುಟಗಳಲ್ಲಿ ಮುಗಿಯಿತು. ಅಜಿಯಾ-ದೊ ಸ್ಟುಡಿಯೋ 2019ರಿಂದ 2022ರವರೆಗೆ ಮಾಡಿದ 36 ಕಂತುಗಳು ನಾವು ನೋಡಿದ್ದು. ನಾವು ಅಂದೆನೇ? ನೀನು ನಾಲ್ಕನೇ ಕಂತಿಗೆ ಗೊರಕೆ ಹೊಡೆಯುತ್ತಿದ್ದೆ.

ನೀನು ನಿದ್ದೆ ಮಾಡಿದ ಭಾಗ ಹೇಳುತ್ತೇನೆ ಕೇಳು. ಉರಾನೊ ಅಂತ ಒಬ್ಬ ಹುಡುಗಿ. ಓದು ಮುಗಿದು ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಬೇಕು, ಅಷ್ಟರಲ್ಲಿ ಭೂಕಂಪವಾಗಿ ತನ್ನದೇ ಪುಸ್ತಕಗಳ ರಾಶಿಯಡಿ ಸಿಕ್ಕಿ ಸಾಯುತ್ತಾಳೆ. ಕಣ್ಣು ಬಿಟ್ಟರೆ ಬೇರೊಂದು ಲೋಕ. ಕೋಟೆ ಕಾಯುವ ಸಿಪಾಯಿಯ ಮಗಳು, ಮೈನ್ ಅಂತ ಹೆಸರು. ಹುಲ್ಲಿನ ಹಾಸಿಗೆ, ಸ್ನಾನದ ಕೋಣೆಯಿಲ್ಲದ ಮನೆ. ಊರಲ್ಲಿ ಪುಸ್ತಕ ಶ್ರೀಮಂತರ ಸ್ವತ್ತು, ಅಕ್ಷರ ಅಂದರೆ ಅಂಗಡಿಯ ಬೆಲೆಚೀಟಿ ಮಾತ್ರ. ನಿನ್ನ ಭಾಷೆಯಲ್ಲಿ 'ಓಪಿ', ಅಂದರೆ ಮಿತಿಮೀರಿದ ಬಲವಿರುವ ನಾಯಕರಿಗೆ ಹುಟ್ಟುತ್ತಲೇ ಸಿಗುವ ವರ ಇವಳಿಗಿಲ್ಲ. ನಾಲ್ಕು ಹೆಜ್ಜೆ ನಡೆದರೆ ಜ್ವರ. ಕೋಟೆಬಾಗಿಲಿನ ತನಕ ನಡೆಯುವ ಶಕ್ತಿ ಬರಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಪುಸ್ತಕ ಸಿಗದಿದ್ದರೆ ನಾನೇ ಮಾಡುತ್ತೇನೆ ಅಂತ ಹೊರಡುತ್ತಾಳೆ. ಹುಲ್ಲಿನ ನಾರನ್ನು ಹೆಣೆದು ನೋಡುತ್ತಾಳೆ, ಕೈಯಗಲ ಆಗುವಷ್ಟರಲ್ಲಿ ಸಾಕಾಗುತ್ತದೆ. ಜೇಡಿಮಣ್ಣಿನ ಹಲಗೆ ಮಾಡಿದರೆ ಒಲೆಯಲ್ಲಿ ಸಿಡಿಯುತ್ತದೆ. ಮರದ ಪಟ್ಟಿಗಳ ಮೇಲೆ ಬರೆದಿಟ್ಟರೆ ಅಮ್ಮ ಸೌದೆ ಅಂದುಕೊಂಡು ಒಲೆಗಿಡುತ್ತಾಳೆ. ಅಲ್ಲಿ ನಾನು ಎಷ್ಟು ನಕ್ಕೆ ಅಂದರೆ ನಿನಗೆ ಎಚ್ಚರವಾಯಿತು. ನಿನ್ನ ಅಜ್ಜಿ, ನನ್ನಮ್ಮ, ನಾನು ಜೋಪಾನ ಮಾಡಿದ ವಾರಪತ್ರಿಕೆಗಳನ್ನು ಹಂಡೆ ಒಲೆ ಹತ್ತಿಸಲು ಹೀಗೇ ಬಳಸುತ್ತಿದ್ದಳು. ಒಂದು ಧಾರಾವಾಹಿಯ ಕೊನೆಯ ಕಂತು ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಅವಳು ಪಕ್ಕದ ಮನೆಯ ಲುತ್ಸ್ ಅನ್ನುವ ಹುಡುಗನ ಜೊತೆ ಕಾಗದ ಮಾಡುತ್ತಾಳೆ. ಬೆನ್ನೊ ಎಂಬ ವ್ಯಾಪಾರಿ ಹಾಕಿದ ಷರತ್ತು ಅದು, ಮಾಡಿ ತಂದರೆ ಕೆಲಸ. ಇಲ್ಲಿ ಕತೆಗಾರ್ತಿ ಮಂತ್ರ ಹಾಕಿ ಜಾರಿಕೊಳ್ಳುವುದಿಲ್ಲ. ಜಪಾನಿನ ವಾಶಿ ಕಾಗದ ಮಾಡುವ ಕ್ರಮವನ್ನೇ ತರುತ್ತಾಳೆ. ಗಿಡದ ಕಡ್ಡಿಗಳನ್ನು ಹಬೆಯಲ್ಲಿ ಬೇಯಿಸಿ ತೊಗಟೆ ಸುಲಿಯಬೇಕು, ಬೂದಿನೀರಿನಲ್ಲಿ ಕುದಿಸಬೇಕು, ತೊಳೆದು ನಾರು ಬಿಡಿಬಿಡಿಯಾಗುವ ತನಕ ಕುಟ್ಟಬೇಕು, ನೀರಿಗೆ ಲೋಳೆ ಬೆರೆಸಿ ಜಾಲರಿಯಲ್ಲಿ ಜಾಲಿಸಬೇಕು, ಹಲಗೆಗೆ ಹಚ್ಚಿ ಒಣಗಿಸಬೇಕು. ನಿಜವಾದ ವಾಶಿಗೆ ಆ ಲೋಳೆ ಬರುವುದು ತೊರೊರೊ-ಆವೊಯ್ ಅನ್ನುವ ಗಿಡದ ಬೇರಿನಿಂದ. ಅದು ನಮ್ಮ ಬೆಂಡೆಯ ದಾಯಾದಿ. ಬೆಂಡೆಕಾಯಿ ಹೆಚ್ಚುವಾಗ ಕೈಗೆ ಅಂಟಿದ್ದಕ್ಕೆ ಮುಖ ಸಿಂಡರಿಸುತ್ತೀಯಲ್ಲ, ಅಂಥದೇ ಲೋಳೆ ನಾರುಗಳು ಒಂದೇ ಕಡೆ ಗುಡ್ಡೆ ಬೀಳದಂತೆ ತಡೆದು ಕಾಗದವನ್ನು ತೆಳ್ಳಗೆ ಸಮನಾಗಿ ನಿಲ್ಲಿಸುತ್ತದೆ. ಈ ಕಸುಬನ್ನು ಯುನೆಸ್ಕೊ 2014ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಮೂವತ್ತು ವರ್ಷ ತಾಲ್ಲೂಕು ಗ್ರಂಥಾಲಯದಲ್ಲಿ ಮೈದಾ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಿ ಹರಿದ ಪುಸ್ತಕ ಅಂಟಿಸಿದವಳು ನಾನು. ಆ ಎರಡು ಕಂತುಗಳನ್ನು ಹಿಂದೆ ಎಳೆದೆಳೆದು ನೋಡಿದೆ.

ಆದರೆ ನಾನು ಹೇಳಬೇಕೆಂದಿರುವುದು ಕಾಗದದ ವಿಷಯ ಅಲ್ಲ. ಇದೆಲ್ಲ ಅವಳಿಗೆ ಕೈವಶವಾದದ್ದು ಹೇಗೆ? ಅರ್ಧ ಪುಸ್ತಕದಿಂದ. ಉಳಿದರ್ಧ ಹಿಂದಿನ ಜನ್ಮದ ಅಮ್ಮನಿಂದ. ಪುಸ್ತಕದಿಂದ ತಲೆಯೆತ್ತದ ಮಗಳಿಗೆ ಬೇರೆ ಏನಾದರೂ ಹಿಡಿಸೀತೆಂದು ಆ ಅಮ್ಮ ಕಂಡಕಂಡ ಕೈಕೆಲಸಗಳನ್ನೆಲ್ಲ ಅವಳಿಂದ ಮಾಡಿಸುತ್ತಿದ್ದಳು. ಬುಟ್ಟಿ ಹೆಣೆಯುವುದು, ಕ್ರೋಶಾ ಹಾಕುವುದು, ಇನ್ನೂ ಏನೇನೋ. ಉರಾನೊ ಗೊಣಗಿಕೊಂಡು ಮಾಡುತ್ತಿದ್ದಳು. ಹೊಸ ಲೋಕದಲ್ಲಿ ಅಕ್ಕ ಟೂಲಿಯ ದೀಕ್ಷೆಗೆಂದು ದಾರದಲ್ಲಿ ಹೆಣೆದುಕೊಟ್ಟ ಮುಡಿಯ ಹೂವು ಊರಿನ ಸಾಹುಕಾರರ ಮನೆಯವರ ಕಣ್ಣಿಗೆ ಬೀಳುತ್ತದೆ, ಬೇಡಿಕೆ ಬರುತ್ತದೆ, ಕಾಸು ಬರುತ್ತದೆ. ಅವಳ ಗಂಟಿನಲ್ಲಿ ಕತ್ತಿಯಿರಲಿಲ್ಲ ಪುಟ್ಟಾ, ಬೇಡ ಬೇಡ ಅಂದುಕೊಂಡೇ ಕಲಿತ ಅಮ್ಮನ ಕ್ರೋಶಾ ಇತ್ತು.

ನನ್ನಮ್ಮ ಸೀರೆಗೆ ಫಾಲು ಹೊಲಿದು ಮನೆಗೆ ನಾಲ್ಕು ಕಾಸು ತರುತ್ತಿದ್ದಳು. ರಜೆ ಬಂತೆಂದರೆ ಹೆಮ್ಮಿಂಗ್ ನನ್ನ ಪಾಲಿಗೆ. "ಓದಿದ್ದು ಸಾಕು, ಸೂಜಿ ಹಿಡಿ" ಅನ್ನುವುದು ಅವಳ ಮಾತು. ಮುಂದೆ ಗ್ರಂಥಾಲಯದಲ್ಲಿ ಬೈಂಡಿಂಗಿಗೆ ದುಡ್ಡಿಲ್ಲದ ವರ್ಷಗಳಲ್ಲಿ ಬಿಚ್ಚಿಹೋದ ಪುಟಗಳನ್ನು ಕಂತೆ ಕಂತೆಯಾಗಿ ಹೊಲಿದದ್ದು ಆ ಕೈಯೇ. ಇದನ್ನು ಅಮ್ಮನಿಗೆ ಯಾವತ್ತಾದರೂ ಹೇಳಿದೆನೆ ಅಂತ ನೆನಪು ಮಾಡಿಕೊಂಡೆ, ಆ ಕಂತು ನೋಡಿದ ರಾತ್ರಿ. ಹೇಳಿಲ್ಲ.

ಯಾವ ಕಂತು ಅಂದರೆ, ಫರ್ಡಿನಾಂಡ್ ಎಂಬ ಗುಡಿಯ ಅಧಿಕಾರಿ ಮಾಯದ ಸಾಧನವೊಂದನ್ನು ಇಟ್ಟು ಮೈನ್‌ಳ ನೆನಪಿನೊಳಗೆ ಹೊಕ್ಕು ನೋಡುತ್ತಾನಲ್ಲ, ಅದು. ನೆನಪಿನಲ್ಲಿ ಅವಳ ಹಳೆಯ ಮನೆ ತೆರೆದುಕೊಳ್ಳುತ್ತದೆ. ಅಮ್ಮ ಇದ್ದಾಳೆ, ಅಮ್ಮನ ಅಡಿಗೆ ಇದೆ. ಅಷ್ಟು ದಿನ ಪುಸ್ತಕ ಪುಸ್ತಕ ಅಂತ ಓಡುತ್ತಿದ್ದವಳು ಅಲ್ಲಿ ಕುಸಿದು ಅಳುತ್ತಾಳೆ, ತಪ್ಪಾಯಿತು ಅನ್ನುತ್ತಾಳೆ. ಅಷ್ಟೂ ಇಸೆಕಾಯ್ ಕತೆಗಳಲ್ಲಿ ನಾನು ಕಾಯುತ್ತಿದ್ದ ಜಾಗ ಅದೊಂದೇ ಕಡೆ ಸಿಕ್ಕಿತು.

ಈ ಕತೆ ಇನ್ನೊಂದು ಕಡೆಯ ಲೆಕ್ಕವನ್ನೂ ಬಿಡುವುದಿಲ್ಲ. ಉರಾನೊ ಬಂದು ಸೇರಿದ ಮೈ ಖಾಲಿಯಿರಲಿಲ್ಲ. ಅಲ್ಲೊಂದು ಮಗುವಿತ್ತು, ಜ್ವರಕ್ಕೆ ಹೋಯಿತು. ಕಾಗದ ಮಾಡಿ ಮುಗಿದ ಮೇಲೆ ಲುತ್ಸ್ ಅವಳನ್ನು ನಿಲ್ಲಿಸಿ, ನೀನು ಮೈನ್ ಅಲ್ಲ, ನಮ್ಮ ಮೈನ್‌ಳನ್ನು ವಾಪಸು ಕೊಡು ಅನ್ನುತ್ತಾನೆ. ಅವಳು ವಾದ ಮಾಡುವುದಿಲ್ಲ. ನೀನು ಹೋಗು ಅಂದರೆ ಹೋಗುತ್ತೇನೆ ಅನ್ನುತ್ತಾಳೆ. ಹುಡುಗ ಒದ್ದಾಡುತ್ತಾನೆ, ಯೋಚಿಸುತ್ತಾನೆ, ಇಷ್ಟು ದಿನ ತನ್ನ ಜೊತೆ ತೊಗಟೆ ಸುಲಿದವಳು ಇವಳೇ ಎಂದು ಕೊನೆಗೆ ಒಪ್ಪಿಕೊಳ್ಳುತ್ತಾನೆ. ಯಾರ ಮಗು ಯಾರ ಮನೆಗೆ ಬಂದರೂ ಒಂದು ಮನೆಯಲ್ಲಿ ಒಂದು ಜಾಗ ಖಾಲಿಯಾಗಿರುತ್ತದೆ ಅನ್ನುವುದು ಆ ಹತ್ತು ವರ್ಷವೂ ಆಗದ ಹುಡುಗನಿಗೆ ಹೊಳೆದಿದೆ.

ಬೇರೆ ಲೋಕಕ್ಕೆ ಹೋಗುವ ಆಸೆ ಜಪಾನಿನಲ್ಲಿ ಮೊಬೈಲಿನ ಕಾಲದ್ದೇನಲ್ಲ. ಉರಾಶಿಮಾ ತಾರೋ ಅಂತ ಅವರ ಜಾನಪದ ಕತೆಯಿದೆ. ಬೆಸ್ತರ ಹುಡುಗ ಆಮೆಯ ಬೆನ್ನೇರಿ ಕಡಲ ತಳದ ಅರಮನೆಗೆ ಹೋಗುತ್ತಾನೆ, ಸುಖವಾಗಿರುತ್ತಾನೆ, ಕೆಲವು ದಿನಕ್ಕೆ ಮನೆಯವರ ನೆನಪಾಗಿ ಹಿಂತಿರುಗುತ್ತಾನೆ. ಬಂದು ನೋಡಿದರೆ ಊರಿನಲ್ಲಿ ಮುನ್ನೂರು ವರ್ಷ ಕಳೆದಿದೆ. ಹಳಬರ ಕತೆಯಲ್ಲಿ ಹೋದವನಿಗೆ ಹಿಂದಿರುಗುವ ಬಯಕೆಯಾದರೂ ಇತ್ತು ನೋಡು.

ನನಗೆ ಜಪಾನೀ ಬರುವುದಿಲ್ಲ. ಇಷ್ಟು ಕಂತು ನೋಡಿ ಕಿವಿಗೆ ಬಿದ್ದದ್ದು ಹತ್ತು ಪದವಿರಬಹುದು. ಅವುಗಳಲ್ಲಿ ಒಂದು 'ಇತ್ತೆಕಿಮಾಸು'. ಮನೆಯಿಂದ ಹೊರಡುವಾಗ ಹೊಸಿಲಲ್ಲಿ ಹೇಳುವ ಮಾತು. ಬಿಡಿಸಿ ನೋಡಿದರೆ ಹೋಗಿ ಬರುತ್ತೇನೆ ಅಂತಲೇ ಅರ್ಥ. ಒಳಗಿದ್ದವರು 'ಇತ್ತೆರಶ್ಶಾಯ್' ಅನ್ನುತ್ತಾರೆ, ಹೋಗಿ ಬಾ. ಸಂಜೆ ಬಂದಾಗ 'ತದೈಮಾ', ಈಗ ಬಂದೆ. ನಾವೂ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲವಲ್ಲ, ಯಾರಾದರೂ ಬಾಯಿತಪ್ಪಿ ಅಂದರೆ ಹಿರಿಯರು ತಿದ್ದುತ್ತಾರೆ. ಎಲ್ಲಿಯ ಟೋಕಿಯೊ, ಎಲ್ಲಿಯ ನಮ್ಮ ಹೊಸಿಲು! ನಿನ್ನ ಆ ಲಾರಿ ಜೋಕು ನನಗೆ ಯಾಕೆ ಹಿಡಿಸಲಿಲ್ಲ ಅಂತ ಈ ಪದ ಕೇಳಿದ ಮೇಲೆ ತಿಳಿಯಿತು. ಲಾರಿಗೆ ಸಿಕ್ಕವರಲ್ಲೂ ಎಷ್ಟೋ ಜನ ಬೆಳಿಗ್ಗೆ ಆ ಮಾತು ಹೇಳಿಯೇ ಹೊರಟಿರುತ್ತಾರೆ.

ಮೈನ್ ಕತೆಯ 36ನೇ ಕಂತನ್ನು ನೀನು ಮಲಗಿದ ಮೇಲೆ ನಾನೊಬ್ಬಳೇ ನೋಡಿದೆ. ಪೂರ್ತಿ ಹೇಳುವುದಿಲ್ಲ, ಹೇಳಿದರೆ ಜಗಳಕ್ಕೆ ಬರುತ್ತೀಯ. ಮೈನ್ ಎರಡನೇ ಸಲವೂ ಮನೆ ಬಿಡಬೇಕಾಗುತ್ತದೆ. ಮತ್ತೆ ಅಲ್ಲಿನ ಹೆತ್ತವರನ್ನು ಅಪ್ಪ, ಅಮ್ಮ ಅಂತ ಕರೆಯುವ ಹಾಗಿಲ್ಲ. ಆದರೆ ಈ ಸಲ ಪುಸ್ತಕದ ರಾಶಿಯಡಿ ಮಾಯವಾಗುವುದಿಲ್ಲ. ಒಬ್ಬೊಬ್ಬರ ಎದುರು ನಿಂತು ಹೇಳಿ ಹೊರಡುತ್ತಾಳೆ. ನೀನು ನೋಡುವಾಗ ನಿಮ್ಮಮ್ಮನನ್ನೂ ಕೂರಿಸಿಕೋ. ಅವಳಿಗೆ ಹಿಂದಿನ ಕತೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅದೊಂದು ದೃಶ್ಯಕ್ಕೆ ಪೀಠಿಕೆ ಬೇಕಿಲ್ಲ.

ನಾನು ಪಿಯುಸಿಯಲ್ಲಿ ಫೇಲಾದ ವರ್ಷ ಅಮ್ಮನ ಜೊತೆ ಒಂದು ಬೆಳಿಗ್ಗೆ ಜಗಳವಾಡಿ, ಚೀಲ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಬಿಟ್ಟಿದ್ದೆ. ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಡೀ ದಿನ ಕೂತು ಹೋಗುವ ಬರುವ ಬಸ್ಸಿನ ಬೋರ್ಡುಗಳನ್ನೆಲ್ಲ ಓದಿ, ಕತ್ತಲಾಗುವಾಗ ವಾಪಸು ಬಂದೆ. ಅಮ್ಮ ಕಟ್ಟೆಯ ಮೇಲೆ ಫಾಲು ಹೊಲಿಯುತ್ತಾ ಕೂತಿದ್ದಳು. ತಲೆಯೆತ್ತಿ ನೋಡಿದಳು, ಬೈಯಲಿಲ್ಲ. ಒಳಗೆ ಹೋಗಿ ಪಾತ್ರೆ ತೆಗೆದರೆ ಅನ್ನ ಒಬ್ಬರಿಗಾಗುವಷ್ಟೇ ಇತ್ತು.

"ನನಗೆ?" ಅಂದೆ.

"ಹೋಗಿ ಬರ್ತೀನಿ ಅಂತ ಅಂದಿದ್ರೆ ತಾನೆ ನಿನಗೂ ಸೇರಿಸಿ ಅಕ್ಕಿ ಹಾಕೋದು" ಅಂದಳು ಅಮ್ಮ. ಸೂಜಿಯನ್ನು ಸೀರೆಗೆ ಚುಚ್ಚಿಟ್ಟು, ಎದ್ದು ಒಳಗೆ ಬಂದು, ಇದ್ದ ಅನ್ನವನ್ನು ನನ್ನ ತಟ್ಟೆಗೆ ಹಾಕಿ, ತನಗೆ ಮತ್ತೆ ಒಲೆ ಹೊತ್ತಿಸಿದಳು.