ಅಪಘಾತದ ನಂತರ ಕುಟುಂಬದ ಹಕ್ಕುಗಳು

ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಗೆ ಮೋಟಾರು ಸೈಕಲ್ಲಿನಲ್ಲಿ ಹೋಗಿಬರುವ ದಂಪತಿಗಳು ಅನೇಕರು. ಅಪಘಾತವಾಗಿ ಪತಿಯು ಹಾಸಿಗೆ ಹಿಡಿದರೆ ಕುಟುಂಬದ ಹಕ್ಕನ್ನು ಕಾಪಾಡುವ ಹೊಣೆ ಪತ್ನಿಯದಾಗುತ್ತದೆ. ಆದುದರಿಂದ ಕೆಳಗಿನ ವಿಷಯಗಳನ್ನು ಇಬ್ಬರೂ ಅರಿತಿರಬೇಕು.

1. ಮೊದಲು ಚಿಕಿತ್ಸೆ. ಅನಂತರ ಪೊಲೀಸ್ ಠಾಣೆಗೆ ದೂರು ಕೊಟ್ಟು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ವಿಮಾ ಕಂಪನಿಗೂ ಕೂಡಲೇ ತಿಳಿಸಿರಿ.

2. ಡಿಕ್ಕಿ ಹೊಡೆದ ವಾಹನದ ಸಂಖ್ಯೆಯನ್ನು ಬರೆದಿಡಿ. ಆಸ್ಪತ್ರೆಯ ಚೀಟಿ, ಔಷಧಿಯ ರಸೀದಿಗಳನ್ನು ಜೋಪಾನ ಮಾಡಿರಿ.

3. ಓದಿಸಿ ತಿಳಿಯದೆ ರಾಜಿಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ.

4. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಅಪಘಾತ ಎಲ್ಲಿಯೇ ನಡೆದಿರಲಿ, ನೀವು ವಾಸಿಸುವ ಪ್ರದೇಶದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೇ ಅರ್ಜಿ ಕೊಡಬಹುದು.

5. ಡಿಕ್ಕಿ ಹೊಡೆದ ವಾಹನವು ಪತ್ತೆಯಾಗದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವುಂಟು.

6. ಗಾಯಗೊಂಡವಳು ಗೃಹಿಣಿಯಾದರೆ ‘ಸಂಪಾದನೆಯಿಲ್ಲ’ವೆಂದು ಸುಮ್ಮನಾಗಬೇಡಿ. ಆಕೆಯ ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆ ಬೇಡ. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯವೆಷ್ಟೇ ಇರಲಿ, ಉಚಿತ ನೆರವು ದೊರೆಯುತ್ತದೆ.

ವಾಹನದ ವಿಮಾ ಪತ್ರ, ಚಾಲನಾ ಪರವಾನಗಿಗಳಿರುವ ಸ್ಥಳವು ಇಂದೇ ಇಬ್ಬರಿಗೂ ತಿಳಿದಿರಲಿ.