ಮಗುವಿನ ಮೌನ ಒಪ್ಪಿಗೆಯೇ?

ಪ್ರಶ್ನೆ: ಎಲ್ಲೂರಿನಿಂದ ಉಡುಪಿಗೆ ವಾರಕ್ಕೆರಡು ಸಲ ವರ್ತನಾ ಚಿಕಿತ್ಸೆಗೆ ಹೋಗುವ, ಆಟಿಸಂ ಇರುವ, ಮಾತು ಬಾರದ ಐದು ವರ್ಷದ ಮಗನು ಈಚೆಗೆ ಅಲ್ಲಿ ಕುರ್ಚಿಯಿಂದ ಜಾರಿ ನೆಲದ ಮೇಲೆ ಮಲಗಿಬಿಡುತ್ತಾನೆ. ಇದು ಹಠವೇ? ಹೆತ್ತವರು ಸಹಿ ಹಾಕಿದ ಮೇಲೂ ಮಗುವಿನ ಒಪ್ಪಿಗೆ ಬೇಕೇ?

ಉತ್ತರ: ಚಿಕಿತ್ಸೆಯ ಸಾಧಕ ಬಾಧಕಗಳನ್ನು ತಿಳಿದು ಹೆತ್ತವರು ಸಹಿ ಹಾಕುವುದು ಸಮ್ಮತಿ, ಹಾಗೆ ಸಮ್ಮತಿಸುವ ವಯಸ್ಸಾಗಲಿ ಸಾಮರ್ಥ್ಯವಾಗಲಿ ಇಲ್ಲದವರು ತಾವು ಸಿದ್ಧರಿರುವುದನ್ನು ಮಾತಿನಲ್ಲೋ ನಡವಳಿಕೆಯಲ್ಲೋ ತೋರಿಸುವುದು ಒಪ್ಪಿಗೆ. ಎರಡೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ಸಂಶೋಧನೆಗೆ ಸೇರುವ 7ರಿಂದ 12 ವರ್ಷದ ಮಕ್ಕಳಿಂದ ಬಾಯಿಮಾತಿನ ಒಪ್ಪಿಗೆಯನ್ನೂ ಮುಂದೆ 18ರವರೆಗೆ ಲಿಖಿತ ಒಪ್ಪಿಗೆಯನ್ನೂ ಕೇಳುತ್ತದೆಯಾದರೂ, ಮಾತೇ ಬಾರದ ಮಗುವಿನ ನಿತ್ಯದ ಚಿಕಿತ್ಸೆಗೆ ಆ ಅಳತೆ ಒದಗುವುದಿಲ್ಲ. ಅಮೆರಿಕದ ವರ್ತನಾ ವಿಶ್ಲೇಷಕರ ಪ್ರಮಾಣೀಕರಣ ಮಂಡಳಿಯು 2022ರ ಜನವರಿಯಲ್ಲಿ ಜಾರಿಗೆ ತಂದ ನೀತಿಸಂಹಿತೆಯಲ್ಲಿ ಮಾತಿಲ್ಲದ ಸೂಚನೆಗೂ ಒಪ್ಪಿಗೆಯ ಸ್ಥಾನವಿದೆ.

ಮಣಿ ಪೋಣಿಸುವ ತಟ್ಟೆಯನ್ನು ಮುಂದಿಟ್ಟಾಗ ಮಗು ತಾನಾಗಿ ಹತ್ತಿರ ಬಂದು ದಾರ ಹಿಡಿದರೆ ಅದು ಒಪ್ಪಿಗೆ. ತಟ್ಟೆಯನ್ನು ದೂಡುವುದು, ಮುಖ ತಿರುಗಿಸುವುದು, ಮೈ ಸಡಿಲ ಬಿಟ್ಟು ಜಾರುವುದು ಅದನ್ನು ಹಿಂದಕ್ಕೆ ಪಡೆಯುವ ರೀತಿಗಳು. ಕೈ ಪಟಪಟನೆ ಬಡಿಯುವುದು ಒಂದು ಮಗುವಿನಲ್ಲಿ ಸಂತೋಷವಾಗಿದ್ದು ಇನ್ನೊಂದರಲ್ಲಿ ಸಂಕಟವಾಗಿರುವುದರಿಂದ, ಮನೆಯಲ್ಲಿ ಖುಷಿಯಾಗಿರುವಾಗ ಮಗು ಹೇಗಿರುತ್ತದೆ ಎಂಬುದನ್ನು ತಾಯಿಯೇ ಚಿಕಿತ್ಸಕರಿಗೆ ಹೇಳಬೇಕಾಗುತ್ತದೆ. ಅತ್ತು ಫಲವಿಲ್ಲವೆಂದು ಕಲಿತ ಮಗುವೂ ಸುಮ್ಮನೆ ಕುಳಿತು ಹೇಳಿದ್ದನ್ನೆಲ್ಲ ಮಾಡುತ್ತದೆ. ಅಂಥ ಮಗುವಿಗೆ 'ಒಳ್ಳೆಯ ಹುಡುಗ' ಎಂಬ ಹೊಗಳಿಕೆ ಬೇಗ ಸಿಗುವುದರಿಂದ ಈ ಮೌನವು ನೆಲಕ್ಕೆ ಜಾರುವುದಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ.

ಜಾರುವಿಕೆ ಈಚೆಗೆ ಶುರುವಾಗಿರುವುದರಿಂದ ಕಿವಿನೋವು, ಹಲ್ಲುಹುಳುಕು, ಮಲಬದ್ಧತೆ, ನಿದ್ರೆಗೇಡುಗಳನ್ನು ಮಕ್ಕಳ ವೈದ್ಯರಿಂದ ಮೊದಲು ಪರೀಕ್ಷೆ ಮಾಡಿಸಬೇಕು. ಅದು ಯಾವ ಕೆಲಸದಲ್ಲಿ, ಎಷ್ಟನೇ ನಿಮಿಷಕ್ಕೆ ಆಗುತ್ತದೆಂದು ಒಂದೆರಡು ವಾರ ಬರೆದಿಟ್ಟರೆ ಬೇಡವಾದದ್ದು ಚಿಕಿತ್ಸೆಯೋ ಬರೀ ಮಣಿಗಳೋ ಎಂಬುದು ತಿಳಿಯುತ್ತದೆ. ಕೆಲಸ ಮುಗಿಯುವ ತನಕ ಏಳಗೊಡದ ಹಳೆಯ ಪದ್ಧತಿಯನ್ನು ಇಲ್ಲಿ ಅನುಸರಿಸುವುದು ತಪ್ಪು. ಕೆಲಸ ನಿಲ್ಲಿಸಿ, ಬಿಡುವು ಕೊಟ್ಟು, ಚಟುವಟಿಕೆಯನ್ನು ಚಿಕ್ಕದು ಮಾಡಿ ಮಗು ತಾನಾಗಿ ಮರಳಲು ಕಾಯಬೇಕು. ಹೀಗೆ ಬಿಟ್ಟರೆ ಮಗು ಕಲಿಯುವುದು ಜಾರುವುದನ್ನಷ್ಟೇ ಎಂಬ ಆತಂಕ ಸಹಜ. ಆದುದರಿಂದಲೇ ಜಾರುವುದಕ್ಕಿಂತ ಸುಲಭವಾದ 'ಬೇಡ'ವೊಂದನ್ನು, ಅಂಗೈ ಎತ್ತುವ ಸನ್ನೆಯಾಗಿಯೋ ಚಿತ್ರದ ಕಾರ್ಡಾಗಿಯೋ, ಕಲಿಸಿ ಪ್ರತಿ ಸಲವೂ ಮನ್ನಿಸಬೇಕು. ಮನೆಮಾತು ತುಳುವಾಗಿದ್ದರೆ ಸನ್ನೆಯ ಜೊತೆಗೆ ಕೇಂದ್ರದಲ್ಲೂ 'ಬೊಡ್ಚಿ' ಎಂದೇ ಹೇಳುವುದು ಲೇಸು.

ಹೆದ್ದಾರಿ ದಾಟುವಾಗ ಕೈ ಹಿಡಿಯುವುದು, ಔಷಧ ಕುಡಿಸುವುದು ಮುಂತಾದವುಗಳನ್ನು ಮಗು ಒಲ್ಲೆನೆಂದರೂ ಬಿಡಲಾಗುವುದಿಲ್ಲ. ಅಲ್ಲಿ ಮುಂಚಿತವಾಗಿ ತಿಳಿಸಿ, ಯಾವ ಕೈ, ಯಾವ ಲೋಟ ಎಂಬ ಆಯ್ಕೆಯನ್ನಾದರೂ ಮಗುವಿಗೆ ಬಿಡಬಹುದು. ಮಣಿ ಪೋಣಿಸುವುದು ಆ ಪಟ್ಟಿಗೆ ಸೇರುವುದಿಲ್ಲ.