ಹಳೆಯ ಹಾಸಿಗೆ ಬಟ್ಟೆಯಿಂದ ಕೈಚೀಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಬಟ್ಟೆಗೆ ಹಲವು ಜನ್ಮಗಳುಂಟು. ಉಟ್ಟು ಸವೆದ ಸೀರೆ, ಧೋತರಗಳು ಪದರ ಪದರವಾಗಿ ಕೌದಿಯಾಗುತ್ತವೆ; ಕೌದಿ ಹರಿದಲ್ಲಿ ತೇಪೆ ಬೀಳುತ್ತದೆ; ತೇಪೆಯೂ ತಾಳದಾದಾಗ ಅದು ಒರಸುವ ಬಟ್ಟೆಯಾಗುತ್ತದೆ. ಕೊನೆಯ ಈ ಹಂತಕ್ಕಿಂತ ಮುಂಚೆ ಇನ್ನೊಂದು ಜನ್ಮವನ್ನು ಕೊಡಲು ಸಾಧ್ಯವಿದೆ. ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳು ನಿಷೇಧಗೊಂಡ ತರುವಾಯ ಬಟ್ಟೆಯ ಕೈಚೀಲ ಸಂತೆಗೂ ಶಾಲೆಗೂ ಬೇಕಾದ ವಸ್ತುವಾಗಿರುವುದರಿಂದ ಈ ಪಾಠಕ್ಕೆ ಅದನ್ನೇ ಆರಿಸಿಕೊಳ್ಳಲಾಗಿದೆ.

ಮೊದಲ ಕೆಲಸ ಪರೀಕ್ಷೆ. ಹೊದಿಕೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ಮೈ ಉಜ್ಜುವ ನಡುಭಾಗ ಜಾಳಾಗಿ, ಅಂಚುಗಳು ಗಟ್ಟಿಯಾಗಿ ಉಳಿದಿರುವುದೇ ಹೆಚ್ಚು. ಆದುದರಿಂದ ಚೀಲದ ಬಟ್ಟೆಯನ್ನು ಅಂಚಿನ ಕಡೆಯಿಂದ ತೆಗೆಯುವುದು ಯುಕ್ತ. ಎರಡು ಹೆಬ್ಬೆರಳುಗಳ ನಡುವೆ ಎಳೆದಾಗ ಸೀಳುವ ಬಟ್ಟೆ ಭಾರಕ್ಕೆ ಬಾರದು. ಒದ್ದೆಯಾದ ಬಿಳಿ ಅರಿವೆಯಿಂದ ಉಜ್ಜಿ ಬಣ್ಣ ಬಿಡುವುದೇ ಎಂದೂ ನೋಡಬೇಕು. ಹಳೆಯ ಹತ್ತಿಯ ಗುಣವೆಂದರೆ ಅದು ಒಗೆದೊಗೆದು ಕುಗ್ಗುವಷ್ಟು ಕುಗ್ಗಿರುತ್ತದೆ. ಒಳಪದರಕ್ಕೆ ಹೊಸ ಬಟ್ಟೆ ಕೊಡುವುದಾದರೆ ಅದನ್ನು ಮೊದಲೇ ಒಗೆದು ಒಣಗಿಸದಿದ್ದರೆ ಚೀಲ ಮುದುಡಿಕೊಳ್ಳುತ್ತದೆ.

14 ಅಂಗುಲ ಅಗಲ, 16 ಅಂಗುಲ ಎತ್ತರದ ಚೀಲಕ್ಕೆ 15 ಅಂಗುಲ ಅಗಲ, 35 ಅಂಗುಲ ಉದ್ದದ ಒಂದೇ ತುಂಡು ಸಾಕು. ಎರಡು ಮಗ್ಗುಲಿಗೆ ಅರ್ಧರ್ಧ ಅಂಗುಲ, ಬಾಯಿಯ ಎರಡು ಮಡಿಕೆಗೆ ಒಂದೂವರೆ ಅಂಗುಲದಂತೆ ಲೆಕ್ಕ ಸರಿಹೋಗುತ್ತದೆ. ಬಟ್ಟೆಯ ಒಳಮೈ ಒಳಗಿರುವಂತೆ ಮಡಿಸಿ, ಮಗ್ಗುಲನ್ನು ಕಾಲಂಗುಲದಲ್ಲಿ ಹೊಲಿದು, ಜೂಲು ಕತ್ತರಿಸಿ, ಮಗುಚಿ, ಮತ್ತೆ ಕಾಲಂಗುಲದಲ್ಲಿ ಹೊಲಿದರೆ ಎಳೆ ಬಿಡುವ ಅಂಚು ಮುಚ್ಚಿಹೋಗುತ್ತದೆ. ಅನಂತರ ಚೀಲವನ್ನು ಹೊರಮೈಗೆ ಮಗುಚಬೇಕು. ಹಿಡಿಕೆಗೆ 4 ಅಂಗುಲ ಅಗಲ, 24 ಅಂಗುಲ ಉದ್ದದ ಎರಡು ಪಟ್ಟಿಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ತುದಿಗಳನ್ನು ಬಾಯಿಯ ಮಡಿಕೆಯೊಳಗೆ ಸೇರಿಸಿ, ಚೌಕ ಹೊಲಿಗೆ ಹಾಕಿ ಅದರೊಳಗೆ ಅಡ್ಡಗೆರೆಗಳನ್ನು ಹೊಲಿಯಬೇಕು. ಚೀಲ ಸಾಮಾನ್ಯವಾಗಿ ಕೈಕೊಡುವುದು ಇಲ್ಲಿಯೇ. ದಾರ ಹತ್ತಿಯದೇ ಇರಲಿ. ಬಟ್ಟೆಗಿಂತ ಗಟ್ಟಿಯಾದ ದಾರ ಹಳೆಯ ಬಟ್ಟೆಯನ್ನೇ ಕೊಯ್ಯುತ್ತದೆ.

ಕೌದಿಯ ತುಂಡಿನಿಂದ ಚೀಲ ಮಾಡುವುದು ಬೇರೆಯೇ ಬಗೆ. ಕೌದಿಯ ಹೊಲಿಗೆಯ ಎಳೆಗಳು ಈ ತುದಿಯಿಂದ ಆ ತುದಿಗೆ ಓಡುತ್ತವೆ. ಸುಮ್ಮನೆ ಕತ್ತರಿಸಿದರೆ ಎಳೆಗಳೆಲ್ಲ ಸಡಿಲಗೊಂಡು ಪದರಗಳು ಬಿಚ್ಚಿಕೊಳ್ಳುತ್ತವೆ. ಆದಕಾರಣ ಕತ್ತರಿಯ ಗೆರೆಯ ಎರಡೂ ಬದಿಗೆ ಮೊದಲು ಹೊಲಿಗೆ ಹಾಕಿ, ಆಮೇಲೆ ನಡುವೆ ಕತ್ತರಿಸಬೇಕು. ದಪ್ಪ ಹೆಚ್ಚಿದಲ್ಲಿ ಯಂತ್ರದ ಸೂಜಿ ಮುರಿಯುತ್ತದೆ, ಕೈಹೊಲಿಗೆಯೇ ಲೇಸು.

ಈ ಕಲೆ ಒಂದೇ ಸೀಮೆಯದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಹೊಲಿಯುತ್ತ ಬರುತ್ತಾರೆ. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿಗಳೂ ಹಳೆಯ ಬಟ್ಟೆಯಿಂದ ಹುಟ್ಟಿದವೇ. ಕೂಡ್ಲಿಗಿಯ ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಹೆಂಗಸರು ತಯಾರಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ತೇಪೆಯ ಕೆಲಸವನ್ನು ಬಡತನದ ಗುರುತೆಂದು ಪೆಟ್ಟಿಗೆಯ ತಳಕ್ಕೆ ತಳ್ಳಿದ ಮನೆಗಳೂ ಆಗ ಒಂದಿಷ್ಟು ಯೋಚಿಸಿರಬೇಕು.

ಹಾಗೆಂದು ಎಲ್ಲ ಹಳತಿಗೂ ಕತ್ತರಿ ಸಲ್ಲದು. ಗಟ್ಟಿಯಾಗಿರುವ ಕೌದಿಯನ್ನು ಚೀಲಕ್ಕಾಗಿ ಕೊಯ್ಯುವುದು ಉಳಿತಾಯವಲ್ಲ, ನಷ್ಟ. ಹರಿದ ಕೌದಿಯನ್ನಾದರೂ ವಿದ್ಯಾರ್ಥಿನಿಯು ಮೊದಲು ಮನೆಯ ಅಜ್ಜಿಯ ಮುಂದೆ ಹರಡಿ ಕೇಳಬೇಕು. ಯಾವ ತೇಪೆ ಯಾರ ಮದುವೆಯ ಸೀರೆಯದು, ಯಾವುದು ಯಾವ ಕೂಸಿನ ಅಂಗಿಯದು ಎಂಬುದು ಆಕೆಗಲ್ಲದೆ ಬೇರಾರಿಗೂ ತಿಳಿದಿರುವುದಿಲ್ಲ, ಬರೆದಿಟ್ಟವರಂತೂ ಇಲ್ಲ. ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ ಮೇಲೆಯೇ ಕತ್ತರಿ ಕೈಗೆ ಬರಲಿ. ಆಕೆ ಬೇಡವೆಂದ ತುಂಡನ್ನು ಬಿಟ್ಟುಬಿಡಬೇಕು.

ಉಳಿದ ಚೂರುಗಳನ್ನು ಎರಡು ಪದರ ಮಾಡಿ ಹೊಲಿದರೆ ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ. ಉದ್ದನೆಯ ಪಟ್ಟಿಗಳನ್ನು ಹುರಿಮಾಡಿ ಸುತ್ತಿದರೆ ತಲೆಯ ಮೇಲೆ ಕೊಡ ಹೊರುವ ಸಿಂಬಿ.